ಕಂಬಳಿ ಹೊದ್ದು ಬಂದ ಪತ್ರಿಕೆ

ಪುಸ್ತಕ ಕೈಗೆ ಬಂದರೆ ನಾನು ಮೊದಲು ಅದನ್ನು ಮೂಸಿ ನೋಡುತ್ತೇನೆ. ಹೆಸರು ಆಮೇಲೆ, ಬರೆದವರು ಯಾರೆಂಬುದು ಅದಕ್ಕೂ ಆಮೇಲೆ. ನಡುವಿನ ಹಾಳೆ ತೆರೆದು, ಹೊಲಿಗೆಯ ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೇ ನನಗೆ ಸಮಾಧಾನ. ಒಮ್ಮೆ ಒಂದು ಸಭೆಯಲ್ಲಿ ಯಾರೋ ಪುಣ್ಯಾತ್ಮರು ನನಗೆ ಶಾಲು ಹೊದಿಸಿ, ಹಾರ ಹಾಕಿ, ಹೊಸ ಪುಸ್ತಕವೊಂದನ್ನು ಕೈಗಿತ್ತರು. ಅಷ್ಟು ಜನರ ಎದುರಿಗೆ ನಾನು ಅದನ್ನು ಮೂಸಿಯೇಬಿಟ್ಟೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ನೀಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. "ಏನ್ರೀ, ಸಂತ್ಯಾಗ ಕರಬೂಜ ಕೊಳ್ಳಾಕ ಹೋಗಿದ್ರೇನು? ನಿಮ್ಮ ಮೂಗಿನ ಸಂಬಂಧ ನಾ ನಾಲ್ಕು ಮಂದ್ಯಾಗ ತಲಿ ಎತ್ತಂಗಿಲ್ಲ!"

ನಾನು ಏನು ಹೇಳಲಿ? ಅದು ಕಸುಬಿನಿಂದ ಹತ್ತಿದ ಚಟ. ನಿಜಾಮರ ಕಾಲದಲ್ಲಿ, ಇನ್ನೂ ಮೀಸೆ ಸರಿಯಾಗಿ ತಿರುವಲು ಬಾರದ ವಯಸ್ಸಿನಲ್ಲಿ, ನಾನು ಮಕ್ತಲದ ವಾಚನಾಲಯಕ್ಕೆ ಗ್ರಂಥಪಾಲಕನಾಗಿದ್ದೆ. ಗ್ರಂಥಪಾಲಕ ಎಂದರೆ ನೀವು ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಬೀಗ ತೆಗೆಯುವವನು ನಾನೇ, ಕಸ ಗುಡಿಸುವವನು ನಾನೇ, ಗಡಿಗೆಗೆ ನೀರು ತುಂಬುವವನು ನಾನೇ. ಉಳಿದ ಹೊತ್ತಿನಲ್ಲಿ ಪಾಲನೆ. ಮರಳಿ ಬಂದ ಪುಸ್ತಕವನ್ನು ಮೂಸಿದರೆ ಅದು ಎಲ್ಲೆಲ್ಲಿ ಮಲಗಿ ಎದ್ದು ಬಂದಿದೆಯೆಂದು ನನಗೆ ತಿಳಿಯುತ್ತಿತ್ತು. ನಶ್ಯದ ವಾಸನೆಯಿದ್ದರೆ ಶಾನುಭೋಗರು. ಶುಂಠಿ ಕಷಾಯವಿದ್ದರೆ ಆಯುರ್ವೇದದ ಪಂಡಿತರು. ಆದರೆ ಇವೆಲ್ಲವನ್ನೂ ಮುಚ್ಚಿಹಾಕುವ ವಾಸನೆಯೊಂದು ನನ್ನ ಇಡೀ ವಾಚನಾಲಯದಲ್ಲಿ ತುಂಬಿಕೊಂಡಿತ್ತು. ಕುರಿ ವಾಸನೆ.

ಅದಕ್ಕೆ ಕಾರಣ ನಾನೇ, ಮತ್ತು ಅದರ ಬಗ್ಗೆ ನನಗೆ ಈಗಲೂ ಸ್ವಲ್ಪ ಜಂಬವೇ ಇದೆ. ಪುಸ್ತಕ ಒಯ್ಯುವವರು ಏನಾದರೂ ಅನಾಮತ್ತು ಇಡಬೇಕೆಂದು ನಮ್ಮ ಪಂಚರು ನಿಯಮ ಮಾಡಿದ್ದರು. ಅನಾಮತ್ತು ಎಂದರೆ ಪುಸ್ತಕ ಮರಳುವವರೆಗೆ ಒತ್ತೆಯಿಡುವ ವಸ್ತು. ಸಂತೆಯ ದಿನ ಬರುವ ಕುರುಬರು ಏನಿಟ್ಟಾರು? ನಾನೂ ಅವರ ಪೈಕಿಯೇ. ಬೀರಪ್ಪನ ಒಕ್ಕಲು, ಹೆಸರು ಮೈಲಾರಪ್ಪ. ಅವರ ಹೆಗಲ ಮೇಲೇನಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಕಂಬಳಿ ಇಡ್ರಪ್ಪ, ಪುಸ್ತಕ ಒಯ್ರಿ" ಎಂದೆ. ಅವರಲ್ಲಿ ಓದು ಬಲ್ಲವನೊಬ್ಬ ಕಥೆ ಪುಸ್ತಕ ಒಯ್ದು ಬೇವಿನ ಮರದ ಕೆಳಗೆ ಕೂತು ಗಟ್ಟಿಯಾಗಿ ಓದುವನು, ಹತ್ತಾರು ಜನ ಸುತ್ತ ಕೂತು ಕೇಳುವರು. ಹೊತ್ತು ಮುಳುಗುವ ಮುಂಚೆ ಪುಸ್ತಕ ತಪ್ಪದೆ ವಾಪಸು. ಕಂಬಳಿ ಇಲ್ಲದೆ ಕುರುಬ ಅಡವಿಯಲ್ಲಿ ರಾತ್ರಿ ಕಳೆಯುವುದುಂಟೇ? ಬೇರೆ ವಾಚನಾಲಯಗಳಲ್ಲಿ ಪುಸ್ತಕಗಳು ಮಂಗಮಾಯವಾಗುತ್ತಿದ್ದಾಗ ನನ್ನವು ಕುರಿಗಳ ಹಾಗೆ ಸಂಜೆಗೆ ಹಟ್ಟಿ ಸೇರುತ್ತಿದ್ದವು.

ನನ್ನ ಮೂಗಿನ ಕಥೆ ಹೇಳಲು ಹೋಗಿ ಕುರಿ ಹಿಂಡಿನಲ್ಲಿ ಸಿಕ್ಕಿಕೊಂಡೆ. ನಾನು ಹೇಳಬೇಕಾದದ್ದು ಚನ್ನಬಸಯ್ಯನವರ ಮಾತು.

ಚನ್ನಬಸಯ್ಯನವರು ನಾರಾಯಣಪೇಟೆಯ ಗ್ರಂಥಪಾಲಕರು. ವಯಸ್ಸಿನಲ್ಲಿ ನನ್ನ ತಂದೆಯ ಸಮಾನ. ಸೀರೆ ವ್ಯಾಪಾರಿಯೊಬ್ಬರು ತಮ್ಮ ಮಳಿಗೆಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅಲ್ಲೇ ಅವರ ಗ್ರಂಥಾಲಯ. ಹಣೆಯಲ್ಲಿ ವಿಭೂತಿ, ಕಿವಿಯಲ್ಲಿ ಸಿಕ್ಕಿಸಿಕೊಂಡ ಲೇಖನಿ, ಮೊಣಕಾಲಿನವರೆಗಿನ ಅಂಗಿ. ಅವರ ಪುಸ್ತಕಗಳಿಗೆ ಮಗ್ಗದ ಗಂಜಿಯ ವಾಸನೆ. ಉರ್ದು ಪುಸ್ತಕಗಳು ಬಲಗಡೆಯಿಂದ ತೆರೆಯುತ್ತವೆಂದು ಅವುಗಳಿಗೆ ಕಪಾಟಿನ ಬಲಗಡೆಯೇ ಜಾಗ ಕೊಟ್ಟಿದ್ದರು. ಯಾಕೆ ಎಂದು ಕೇಳಿದರೆ, "ಎಡಗೈಲೆ ಜಗ್ಗಿದ್ರ ಬೆನ್ನು ಮುರಿತಾವ ತಮ್ಮಾ, ಪುಸ್ತಕಕ್ಕೂ ಬೆನ್ನು ನೋವು ಇರ್ತೈತಿ" ಎನ್ನುವರು. ಇಂಥ ನೂರಾರು ಸಂಗತಿಗಳು ಅವರ ತಲೆಯಲ್ಲಿ ತುಂಬಿದ್ದವು. ಹೇಳಿಕೊಳ್ಳಲು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಒಮ್ಮೆ ನಾನು ಹೋದಾಗ ಮನಸ್ಸಿನೊಳಗಿನದನ್ನು ಹೊರಗೆ ಹಾಕಿದರು. "ನೇಕಾರ ನೇಕಾರನ್ನ ಕಂಡ್ರ ಮಗ್ಗದ ಮಾತಾಡ್ತಾನ. ಒಕ್ಕಲಿಗ ಒಕ್ಕಲಿಗನ್ನ ಕಂಡ್ರ ಬಿತ್ತಿಗಿ ಮಾತಾಡ್ತಾನ. ಗ್ರಂಥಾಲಯ ನಡಿಸೋ ನಾವು ಯಾರ ಸಂಗಾಟ ಮಾತಾಡೂದು? ಗೆದ್ದಲ ಸಂಗಾಟೇನು?"

"ನೀವು, ನಾವು, ಗದ್ವಾಲದವರು, ಮೂರೂ ಊರವರು ಕೂಡಿ ಕುಂತು ಮಾತಾಡೂಣ್ರಿ" ಎಂದೆ.

"ಕೂಡಿ ಕುಂತ್ರ ಜಲಸಾ ಆಗ್ತೈತಿ. ಜಲಸಾಕ್ಕ ಇಜಾಜತ್ ಬೇಕು."

ಅದು ನಿಜವೇ. ಆಗ ಸಭೆ ಸೇರುವುದಕ್ಕೆ ಸರ್ಕಾರದ ಇಜಾಜತ್, ಅಂದರೆ ಅಪ್ಪಣೆ ಬೇಕಿತ್ತು. ಮೂವರು ಗ್ರಂಥಪಾಲಕರು ಗೆದ್ದಲಿನ ಬಗ್ಗೆ ಮಾತಾಡಲು ಕೂತರೂ ಬಾಗಿಲಲ್ಲಿ ಒಬ್ಬ ಜವಾನ ಬಂದು ನಿಲ್ಲುವನು. ಆದ್ದರಿಂದ ಚನ್ನಬಸಯ್ಯನವರು ಒಂದು ಪತ್ರಿಕೆಯ ಯೋಚನೆ ಮಾಡಿದರು. ಗ್ರಂಥಪಾಲಕರೇ ಬರೆದು, ಗ್ರಂಥಪಾಲಕರೇ ಓದುವ, ಗ್ರಂಥಪಾಲಕರ ಕಸುಬಿನ ಪತ್ರಿಕೆ. ಹೆಸರು 'ಕಪಾಟು'. ನಮ್ಮ ಕಡೆ ಕನ್ನಡ ಅಚ್ಚುಕೂಟ ಎಲ್ಲಿತ್ತು? ಕೈಬರಹದ ಪತ್ರಿಕೆ, ಒಂದೇ ಪ್ರತಿ. ಅದು ನಾರಾಯಣಪೇಟೆಯಲ್ಲಿ ಹುಟ್ಟಿ, ಮಕ್ತಲಕ್ಕೆ ಬಂದು, ಕೃಷ್ಣೆ ದಾಟಿ ಗದ್ವಾಲಕ್ಕೆ ಹೋಗಿ, ಮರಳಿ ಬರಬೇಕು. ಹೋದಲ್ಲೆಲ್ಲ ಅಲ್ಲಿಯ ಗ್ರಂಥಪಾಲಕ ತನ್ನ ಲೇಖನ ಬರೆಯಬೇಕು.

ಕೈಬರಹದ ಪತ್ರಿಕೆಗೆ ಕಾಯಿದೆ ಏನೆಂದು ಮಕ್ತಲದ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಕಚೇರಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾಳೆ ಬಾ, ಮುಂದಿನ ವಾರ ಬಾ. ಚನ್ನಬಸಯ್ಯನವರು ನಾರಾಯಣಪೇಟೆಯಿಂದ ಎತ್ತಿನ ಬಂಡಿಯಲ್ಲಿ ಬಂದು ಬಂದು ಚಪ್ಪಲಿ ಸವೆಸಿದರು. ಆ ಓಡಾಟದಲ್ಲೇ ಅವರ ಕಣ್ಣಿಗೆ ಪೊರೆ ಬರತೊಡಗಿತು. ಕಡೆಗೆ ಒಬ್ಬ ಹೊಸ ಪೇಶ್ಕಾರ್ ಬಂದರು. ತಹಸೀಲ್ದಾರರ ಕಾಗದಪತ್ರ ನೋಡುವ ಅಧಿಕಾರಿ. ಅವರು ತಮಗೆ ತೋಚಿದಂತೆ ಅಪ್ಪಣೆ ಕೊಟ್ಟರು. ಕಚೇರಿಯ ಮೊಹರು ಹಾಕಿದ ಖಾಲಿ ಹಾಳೆಗಳಲ್ಲೇ ಬರೆಯಬೇಕು, ಬೇರೆ ಹಾಳೆ ಸಲ್ಲದು. ಮೊದಲ ಸಂಚಿಕೆಯನ್ನು ಮೆಹರ್ ತಿಂಗಳ ಕೊನೆಯೊಳಗೆ ಹಾಜರುಪಡಿಸಬೇಕು. ತಪ್ಪಿದರೆ ಇಜಾಜತ್ ರದ್ದು. ಮೆಹರ್ ಎಂದರೆ ಸರ್ಕಾರಿ ಫಸಲಿ ಲೆಕ್ಕದ ತಿಂಗಳು. ನಮ್ಮ ಶ್ರಾವಣ ಮುಗಿದು ಭಾದ್ರಪದ ಕಾಲಿಡುವ ಸುಮಾರು.

ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ಕಚೇರಿಯ ಮೆಟ್ಟಿಲಿಳಿದ ಚನ್ನಬಸಯ್ಯನವರು ನನ್ನ ಹೆಗಲು ಹಿಡಿದು ಹೇಳಿದರು: "ಈ ಸಲ ತಪ್ಪಿದ್ರ ಮತ್ತ ಅರ್ಜಿ ಹಾಕಾಕ ನನ್ನ ಕೈಲೆ ಆಗೂದಿಲ್ಲ ತಮ್ಮಾ. ಅಕ್ಷರ ಎಲ್ಲಾ ಮಂಜ ಮಂಜ ಕಾಣಾಕತ್ಯಾವ. ನನ್ನ ಕಣ್ಣಿಲೆ ಒಂದು ಸಂಚಿಕೆ ನೋಡಬೇಕು ನಾನು. ಒಂದು ಸಾಕು."

ಬರೆಯಲು ಅವರಿಗೆ ಎಷ್ಟು ಕಷ್ಟವಾಯಿತೋ! ಆದರೂ ಗೆದ್ದಲಿನ ಮೇಲಿನ ಅವರ ಲೇಖನ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಮುದ್ದಾದ ಅಕ್ಷರ. ಬೇವಿನ ಎಲೆ ಯಾವಾಗ ಒಣಗಿಸಬೇಕು, ಹೊಗೆಸೊಪ್ಪಿನ ಕಡ್ಡಿ ಎಲ್ಲಿ ಇಡಬೇಕು, ಕಪಾಟಿನ ಕಾಲನ್ನು ಯಾವುದರಲ್ಲಿ ನಿಲ್ಲಿಸಬೇಕು, ಎಲ್ಲ ಇತ್ತು. ನಾನು ನನ್ನ ಕಂಬಳಿ ಪದ್ಧತಿಯ ಬಗ್ಗೆ ಬರೆದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ಲೇಖನಿ ಕುರಿಯ ಬೆನ್ನು ಹತ್ತಿತು. ಕರಿ ಉಣ್ಣೆ ಎಂಥದು, ಕಂಬಳಿಗೆ ಹುಣಸೆ ಬೀಜದ ಅಂಟಿನ ಸರಿ ಹೇಗೆ ಹಚ್ಚುತ್ತಾರೆ, ಜಡಿಮಳೆಯಲ್ಲಿ ಒಬ್ಬ ಕುರುಬ ನನ್ನ ಪುಸ್ತಕವನ್ನು ಕಂಬಳಿಯಲ್ಲಿ ಸುತ್ತಿ ತಂದಾಗ ಅದರ ಒಂದು ಹಾಳೆಯೂ ಹೇಗೆ ನೆನೆದಿರಲಿಲ್ಲ, ಎಲ್ಲ ಬರೆದೆ. ಓದಿಸಿಕೊಂಡು ಕೇಳಿದ ಚನ್ನಬಸಯ್ಯನವರು, "ಇದು ಗ್ರಂಥಪಾಲಕರ ಪತ್ರಿಕಿನೋ, ಕುರಿ ಕಾಯೋರ ಪತ್ರಿಕಿನೋ?" ಎಂದು ನಕ್ಕರು. ಹೊಡೆದುಹಾಕಲಿಲ್ಲ, ಅವರ ದೊಡ್ಡ ಗುಣ.

ಹಾಳೆಗಳನ್ನು ಗದ್ವಾಲಕ್ಕೆ ನಾನೇ ಒಯ್ದು ಕೊಟ್ಟೆ. ಆಗ ಜೂರಾಲದ ಅಣೆಕಟ್ಟೂ ಇಲ್ಲ, ಸೇತುವೆಯೂ ಇಲ್ಲ. ಕೃಷ್ಣೆ ದಾಟಲು ಹರಿಗೋಲೇ ಗತಿ. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿ ಅದು. ಗದ್ವಾಲದ ಗ್ರಂಥಪಾಲಕರು ಶೇಷಯ್ಯನವರು. ತೆಳ್ಳಗೆ, ಬೆಳ್ಳಗೆ, ನೆಟ್ಟಗೆ. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅವರ ಪುಸ್ತಕಗಳಿಗೆ ನುಸಿಗುಳಿಗೆಯ ವಾಸನೆ ಬಿಟ್ಟು ಬೇರೆ ವಾಸನೆಯೇ ಇಲ್ಲ. ಯಾಕೆಂದರೆ ಅವು ಎಲ್ಲಿಗೂ ಹೋಗುವುದಿಲ್ಲ. ಹಿಂದೆ ಹೊರಗೆ ಕೊಟ್ಟ ಪುಸ್ತಕಗಳಲ್ಲಿ ಅರ್ಧ ವಾಪಸು ಬರಲಿಲ್ಲವೆಂದು, ಇನ್ನು ಮುಂದೆ ಒಂದು ಪುಸ್ತಕವೂ ಹೊಸಿಲು ದಾಟಬಾರದು ಎಂದು ಅವರು ನಿಯಮ ಮಾಡಿದ್ದರು. ಊರಿನ ದೊಡ್ಡ ಮನೆಯವರೊಬ್ಬರು ಪಲ್ಲಕ್ಕಿ ಕಳಿಸಿ ಒಂದು ಪುಸ್ತಕ ತರಲು ಹೇಳಿದಾಗ, "ಪುಸ್ತಕ ಬರೂದಿಲ್ಲ, ದೊರಿಗಳು ಬಂದ್ರ ಕುರ್ಚಿ ಹಾಕ್ತೀನಿ" ಎಂದು ಖಾಲಿ ಪಲ್ಲಕ್ಕಿ ವಾಪಸು ಕಳಿಸಿದ ಗಟ್ಟಿಗರು.

ಶೇಷಯ್ಯನವರು ಒಂದು ವಾರದಲ್ಲಿ ಬರೆದು ಹಾಳೆಗಳನ್ನು ಕಳಿಸಬೇಕಿತ್ತು. ವಾರ ಕಳೆಯಿತು, ಇನ್ನೊಂದು ಕಳೆಯಿತು. ಮೇಲೆ ಮಳೆ ಹಿಡಿದಿತ್ತು, ಹೊಳೆಯ ನೀರಿನ ಬಣ್ಣ ಬದಲಾಗುತ್ತಿತ್ತು. ನಾನು ಹೊರಟೆ.

ಶೇಷಯ್ಯನವರು ನನ್ನನ್ನು ಕಂಡವರೇ ಮುಖ ಇಳಿಬಿಟ್ಟರು. ಮಜ್ಜಿಗೆ ಕೊಟ್ಟರು, ಮನೆಯವರ ಕ್ಷೇಮ ಕೇಳಿದರು, ಮಳೆಯ ಮಾತು ತೆಗೆದರು. ಕೊನೆಗೆ ನಾನೇ, "ಶೇಷಯ್ಯಗಾರು, ಹಾಳಿ ಕೊಡ್ರಿ, ಹೊಳಿ ಏರಾಕತ್ತೈತಿ" ಎಂದೆ.

"ಅದೇ ಚೂಡಂಡಿ, ನೋಡ್ರಿ ಮೈಲಾರಪ್ಪಗಾರು" ಎಂದು ಅವರು ಎದ್ದು ಕಪಾಟಿನ ಕಡೆ ಕೈ ತೋರಿಸಿದರು. ಗಾಜಿನ ಹಿಂದೆ, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿಕೊಂಡು, ನಮ್ಮ 'ಕಪಾಟು' ಕೂತಿತ್ತು. "ನಾ ಬರದು ಮುಗಿಸಿದ್ನಾ, ಹಾಳಿ ಸರಿಯಾಗಿ ಜೋಡಿಸಿದ್ನಾ, ಆಮ್ಯಾಲ ಕೈ ತಾನೇ ಹೋಯ್ತು. ಇಪ್ಪತ್ತು ವರ್ಷದ ರೂಢಿ. ಗ್ರಂಥಾಲಯದ ಮುದ್ರಿ ಒತ್ತಿಬಿಟ್ಟೆ. ದಾಖಲಿ ಮಾಡಿ ನಂಬರ್ ಕೊಟ್ಟೆ. ಕಪಾಟಿನ್ಯಾಗ ಇಟ್ಟು ಬೀಗ ಹಾಕಿದ ಮ್ಯಾಲ ನೆಪ್ಪಾಯ್ತು."

"ನೆಪ್ಪಾಯ್ತಲ್ರಿ, ತೆಗದು ಕೊಡ್ರಿ ಮತ್ತ!"

"ಹೆಂಗ ಕೊಡ್ಲಿ?" ಅವರು ತಮ್ಮ ಕುರ್ಚಿಯ ಕಡೆ ತಿರುಗಿದರು. "ದೊಡ್ಡ ಮನಿಯವ್ರಿಗೆ ಇಲ್ಲಾ ಅಂದೋನು ನಾನು. ಈಗ ನನ್ನ ಗೆಳೆಯರಿಗೆ ಅಂತ ಹೊಸಿಲು ದಾಟಿಸಿದ್ರ, ನಾಳೆ ಯಾವ ಮುಖ ಇಟ್ಕೊಂಡು ಆ ಕುರ್ಚಿ ಮ್ಯಾಲ ಕೂಡ್ಲಿ? ಮುದ್ರಿ ಬಿದ್ದಮ್ಯಾಲ ಅದು ನಂದಲ್ಲ, ನಿಮ್ದಲ್ಲ, ಗ್ರಂಥಾಲಯದ್ದು."

ನನ್ನ ಮೈಯೆಲ್ಲ ಉರಿಯಿತು. ಬೇಡಿದೆ, ಜಗಳಾಡಿದೆ. ಅಲ್ಲೇ ಕುಳಿತು ನಕಲು ಮಾಡೋಣವೆಂದರೆ ಕಚೇರಿಯ ಮೊಹರಿನ ಹಾಳೆಗಳು ಅವಷ್ಟೇ. ಚನ್ನಬಸಯ್ಯನವರ ಕಣ್ಣಿನ ಮಾತು ಹೇಳಿದಾಗ ಶೇಷಯ್ಯನವರ ಕಣ್ಣಲ್ಲಿ ನೀರು ಬಂತು. ಕಪಾಟಿನ ಬೀಗದ ಕೈ ಮಾತ್ರ ಜನಿವಾರಕ್ಕೆ ಕಟ್ಟಿಕೊಂಡಲ್ಲೇ ಇತ್ತು. ನಾನು ಬರಿಗೈಯಲ್ಲಿ ಹೊಳೆ ದಾಟಿದೆ. ಮರುದಿನ ಕೃಷ್ಣೆ ದಂಡೆ ತುಂಬಿ ಹರಿಯತೊಡಗಿತು, ಹರಿಗೋಲು ನಿಂತಿತು.

ಸುದ್ದಿ ತಿಳಿದ ಚನ್ನಬಸಯ್ಯನವರು ಬಂಡಿ ಕಟ್ಟಿಸಿಕೊಂಡು ಮಕ್ತಲಕ್ಕೆ ಬಂದು ನನ್ನ ವಾಚನಾಲಯದಲ್ಲಿ ಕುಳಿತರು. ಸಂಚಿಕೆಗೆ ಹೊದಿಸಲು ನಾರಾಯಣಪೇಟೆಯ ಚೌಕಳಿ ಸೀರೆಯ ತುಂಡು, ಹೊಲಿಯಲು ದಬ್ಬಣ, ಮೇಣ ತಿಕ್ಕಿದ ದಾರ, ಎಲ್ಲವೂ ಅವರ ಚೀಲದಲ್ಲಿದ್ದವು. ಶೇಷಯ್ಯನವರನ್ನು ನಾನು ಬಾಯಿಗೆ ಬಂದಂತೆ ಬೈದೆ. ಅದನ್ನು ಕೇಳಿ ಅವರು ಹೇಳಿದ್ದೇನು ಗೊತ್ತೇ?

"ಅವ ಮಾಡಿದ್ದು ಬರೋಬರಿ ಐತಿ. ಮುದ್ರಿ ಒತ್ತಿದ ಪುಸ್ತಕ ನಿನ್ನ ಕೈಯಾಗ ಕೊಟ್ಟು ಕಳಿಸಿದ್ದಂದ್ರ, ನಾನೇ ಅವಗ ಬೈತಿದ್ದೆ."

ಹಣೆ ಹಣೆ ಚಚ್ಚಿಕೊಂಡೆ. ಆಚೆ ದಂಡೆಯಲ್ಲೊಬ್ಬ ಹುಚ್ಚ, ಈಚೆ ದಂಡೆಯಲ್ಲೊಬ್ಬ ಹುಚ್ಚ, ನಡುವೆ ತುಂಬಿದ ಹೊಳೆ. ಇವರ ಪತ್ರಿಕೆ ಹೊರಬಂದ ಹಾಗೇ ಇದೆ! ಆದರೆ ಅವರ ಮುಖ ನೋಡಿದರೆ ಸಿಟ್ಟು ನಿಲ್ಲುತ್ತಿರಲಿಲ್ಲ. ಸೀರೆಯ ತುಂಡನ್ನು ಮೊಣಕಾಲ ಮೇಲೆ ಹರಡಿಕೊಂಡು, ಅಂಚನ್ನು ಬೆರಳಿನಿಂದ ಸವರುತ್ತ, ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಯಾರ ನೆರಳು ಬಿದ್ದರೂ, "ಯಾರು, ಶೇಷಯ್ಯನಾ?" ಎನ್ನುವರು. ನನಗೆ ಆ ಮಾತು ಕೇಳುವುದು ಆಗುತ್ತಿರಲಿಲ್ಲ.

ಮೆಹರ್ ತಿಂಗಳ ಕೊನೆಯ ದಿನ ಬಂತು. ಅಂದು ನಮ್ಮ ಸಂತೆ. ಜಿಟಿಜಿಟಿ ಮಳೆ. ಊಟದ ಹೊತ್ತು ಮೀರಿತ್ತು, ಕಚೇರಿ ಮುಚ್ಚಲು ಸ್ವಲ್ಪವೇ ಹೊತ್ತಿತ್ತು. ಸಂತೆಯ ಕಡೆಯಿಂದ ಗದ್ದಲ ಕೇಳಿತು. ಹೊರಗೆ ಬಂದು ನೋಡುತ್ತೇನೆ, ಕುರುಬರ ಗುಂಪೊಂದು ನಗುತ್ತ ಬರುತ್ತಿದೆ, ನಡುವೆ ಶೇಷಯ್ಯನವರು! ಅಡಿಯಿಂದ ಮುಡಿಯವರೆಗೆ ತೊಯ್ದಿದ್ದಾರೆ. ಕಾಲಲ್ಲಿ ಚಪ್ಪಲಿ ಇಲ್ಲ. ತಲೆಯ ಮೇಲೆ ಕರಿ ಕಂಬಳಿಯ ಗಂಟು. ಬೆನ್ನಿಗೆ ಹಗ್ಗದಿಂದ ಬಿಗಿದುಕೊಂಡ ಮರದ ಹಲಗೆಯೊಂದು.

ಶೇಷಯ್ಯನವರು ಒಳಗೆ ಬಂದರು. ಹಲಗೆ ಬಿಚ್ಚಿದರು. ನನ್ನ ಬಾಗಿಲ ಮೇಲೆ ಒಂದು ಮೊಳೆಯಿತ್ತು, ಅದಕ್ಕೆ ತೂಗುಹಾಕಿದರು. ತೆಲುಗು, ಉರ್ದು ಎರಡರಲ್ಲೂ ಬರೆದಿತ್ತು: ಗದ್ವಾಲ ಗ್ರಂಥಾಲಯ.

"ಏನಿದು ಶೇಷಯ್ಯಗಾರು?" ಎಂದೆ ನಾನು ಬೆಪ್ಪಾಗಿ.

"ಪುಸ್ತಕ ಗ್ರಂಥಾಲಯ ಬಿಟ್ಟು ಹೋಗಬಾರದು. ಗ್ರಂಥಾಲಯನೇ ಎದ್ದು ಬಂದ್ರ ಏನ್ ಮಾಡ್ತೀರಿ?" ಹಲ್ಲು ಕಟಕಟ ಎನ್ನುತ್ತಿದ್ದರೂ ನಕ್ಕರು. "ಅಲ್ಲಿ ಬಾಗಿಲಾ ಹಾಕೀನಿ. ಬೋರ್ಡು ಇಲ್ಲೈತಿ, ಮುದ್ರಿ ಇಲ್ಲೈತಿ, ಗ್ರಂಥಪಾಲಕ ಇಲ್ಲೇ ಅದಾನ. ಈಗ ಇದೇ ಗದ್ವಾಲ ಗ್ರಂಥಾಲಯ. ಕೂಡ್ರಿ, ಓದ್ರಿ, ಹೊಲೀರಿ. ಹೊರಗ ಮಾತ್ರ ಒಯ್ಯಂಗಿಲ್ಲ."

ರೈಲಿನಲ್ಲಿ ಸುತ್ತಿ ಬರಬಹುದಿತ್ತಲ್ಲ ಎಂದು ಕೇಳಿದೆ. ಕರ್ನೂಲಿನ ಕಡೆಯಿಂದ ಇಂಗ್ಲಿಷರ ಮುಲ್ಕು ದಾಟಿ ಬರಬೇಕು, ಗಡಿಯಲ್ಲಿ ಕರೋಡಗಿರಿಯ ಸುಂಕದವರು ಗಂಟು ಬಿಚ್ಚಿ ಒದ್ದೆ ಕೈಯಲ್ಲಿ ಹಾಳೆ ತಿರುವುತ್ತಾರೆ ಎಂದರು. ಅದಕ್ಕಾಗಿ ಅಂಬಿಗನನ್ನು ಕಾಡಿ ಬೇಡಿ, ಹೊಳೆ ಸ್ವಲ್ಪ ಇಳಿದಾಗ ಹರಿಗೋಲು ಬಿಡಿಸಿದ್ದರು. ನಡುಹೊಳೆಯಲ್ಲಿ ಅದು ಗಿರಗಿರ ತಿರುಗಿ ಅಂಬಿಗನೇ ದೇವರ ಹೆಸರು ಕೂಗಿದನಂತೆ. ಶೇಷಯ್ಯನವರಿಗೆ ಈಜು ಬಾರದು.

ಚನ್ನಬಸಯ್ಯನವರು ಎದ್ದು ನಿಂತಿದ್ದರು. ಶೇಷಯ್ಯನವರು ಅವರ ಮುಂದೆ ಮಂಡಿಯೂರಿ ಗಂಟು ಬಿಚ್ಚಿದರು. ಕಂಬಳಿಯ ಒಂದು ಮಡಿಕೆ ತೆಗೆದರು, ಹೊರಗೆ ಒದ್ದೆ. ಎರಡನೆಯದು ತೆಗೆದರು, ತೇವ. ಮೂರನೆಯದರೊಳಗೆ ನಮ್ಮ 'ಕಪಾಟು' ಹಾಸಿಗೆಯಲ್ಲಿ ಮಲಗಿದ ಕೂಸಿನಂತೆ ಬೆಚ್ಚಗೆ, ಒಣಗಿ ಇತ್ತು. ಒಂದು ಅಕ್ಷರವೂ ಕದಡಿರಲಿಲ್ಲ.

"ಮೈಲಾರಪ್ಪಗಾರು, ನಿಮ್ಮ ಲೇಖನ ಓದಿದ್ನಲ್ಲ" ಎಂದರು ಶೇಷಯ್ಯನವರು ನನ್ನ ಕಡೆ ತಿರುಗಿ. "ಕರಿ ಉಣ್ಣಿ, ಹುಣಸಿ ಬೀಜದ ಸರಿ, ಮಳಿ ಬಂದ್ರೂ ಹಾಳಿ ನೆನಿಯೂದಿಲ್ಲ ಅಂತ ಬರದಿದ್ರಿ. ದಂಡ್ಯಾಗ ಒಬ್ಬ ಕುರುಬನ ಹತ್ರ ಹಂಗಿರೋದನ್ನ ನೋಡಿ ಇಸ್ಕೊಂಡೆ. ಸುಮ್ಮನ ಕೊಡಲಿಲ್ಲ ಅವ. ಅನಾಮತ್ತು ಇಡು ಅಂದ. ಚಪ್ಪಲಿ ಇಟ್ಟು ಬಂದೀನಿ."

ನಾನು ಬರೆದದ್ದನ್ನು ಒಬ್ಬ ಮನುಷ್ಯ ಓದಿ, ನಂಬಿ, ತನ್ನ ಪ್ರಾಣದ ಜೊತೆಗೆ ಹೊಳೆಗೆ ಇಳಿಸಿದ್ದ! ಆಮೇಲೆ ನಾನು ಬಹಳ ಬರೆದಿದ್ದೇನೆ, ನಾಲ್ಕು ಜನ ಮೆಚ್ಚಿದ್ದೂ ಉಂಟು. ಅಂಥ ಓದುಗ ಮತ್ತೆ ಸಿಗಲಿಲ್ಲ.

ಚನ್ನಬಸಯ್ಯನವರು ಹಾಳೆಗಳನ್ನು ಕಣ್ಣಿನ ತೀರ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೂಗಿಗೆ ಹಿಡಿದರು. "ಕುರಿ ವಾಸನಿ ಹೊಡಿಯಾಕತ್ತೈತಿ" ಎಂದು ಬಾಯಿ ತುಂಬ ನಕ್ಕರು, ನಗುತ್ತಲೇ ಅತ್ತರು. ದಾರ ಪೋಣಿಸಲು ಅವರಿಗೆ ಆಗಲಿಲ್ಲ. ನಾನು ಪೋಣಿಸಿಕೊಟ್ಟೆ. ಹೊಲಿದವರು ಮಾತ್ರ ಅವರೇ.

ಹೊಲಿಗೆ ಮುಗಿಯುವುದರೊಳಗೆ ಬಾಗಿಲಲ್ಲಿ ಜವಾನನೊಬ್ಬ ನಿಂತಿದ್ದ. ಮೂವರು ಗ್ರಂಥಪಾಲಕರು ಕೂಡಿದ ಸುದ್ದಿ ಹೋಗಿತ್ತೆಂದು ಕಾಣುತ್ತದೆ. "ಯೇನ್ ಜಲಸಾ ಇದು? ಇಜಾಜತ್ ಐತೇನು?" ಎಂದ.

ಶೇಷಯ್ಯನವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಮೇಲಿನ ಹಲಗೆ ತೋರಿಸಿದರು. "ಜಲಸಾ ಎಲ್ಲೈತಪ್ಪಾ? ಇದು ಗದ್ವಾಲ ಗ್ರಂಥಾಲಯ. ನಾ ಗ್ರಂಥಪಾಲಕ. ಇವರಿಬ್ರು ಓದಾಕ ಬಂದಾರ. ನೀನೂ ಓದ್ತೀಯೇನು? ಒಳಗ ಬಾ, ಕಾಲೊರಿಸ್ಕೊಂಡು ಬಾ."

ಪಾಪ, ಅವನು ಹಲಗೆಯನ್ನೂ ನಮ್ಮನ್ನೂ ನೋಡಿ, ತಲೆ ಕೆರೆದುಕೊಂಡು, ನಮ್ಮ ಹಿಂದೆಯೇ ಕಚೇರಿಗೆ ನಡೆದುಬಂದ. ಯಾಕೆಂದರೆ ನಾವು ಹೊರಟೇಬಿಟ್ಟಿದ್ದೆವು. ಮುಂದೆ ಹಲಗೆ ಹೊತ್ತು ನಾನು, ನಡುವೆ ಕಂಬಳಿಯಲ್ಲಿ ಪತ್ರಿಕೆ ಹಿಡಿದ ಶೇಷಯ್ಯನವರು, ಅವರ ಭುಜದ ಮೇಲೆ ಕೈಯಿಟ್ಟು ಚನ್ನಬಸಯ್ಯನವರು. ಗದ್ವಾಲ ಗ್ರಂಥಾಲಯ ಮಕ್ತಲದ ಸಂತೆಯಲ್ಲಿ ನಡೆದುಹೋಗುವುದನ್ನು ಜನ ಮೆಣಸಿನಕಾಯಿ ತೂಗುವುದು ಬಿಟ್ಟು ನೋಡಿದರು.

ಪೇಶ್ಕಾರರು ಎದ್ದು ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. "ರಖ್ಕೇ ಜಾವ್, ಕಲ್ ದೇಖೇಂಗೆ" ಎಂದರು. ಇಟ್ಟು ಹೋಗಿ, ನಾಳೆ ನೋಡೋಣ.

"ಇಡಂಗಿಲ್ರಿ ಸಾಹೇಬ್" ಎಂದರು ಶೇಷಯ್ಯನವರು. "ಇದು ಗ್ರಂಥಾಲಯದ ಪುಸ್ತಕ. ನೀವು ಇಲ್ಲೇ ಓದಬೇಕು. ಓದಿ ಮುಗಿಸೋತನಕ ನಾ ಕುಂತಿರ್ತೀನಿ." ಹೇಳಿ ನನ್ನ ಕೈಯಿಂದ ಹಲಗೆ ತೆಗೆದುಕೊಂಡು ಮೇಜಿಗೆ ಒರಗಿಸಿ ನಿಲ್ಲಿಸಿಯೇಬಿಟ್ಟರು.

"ಕ್ಯಾ ತಮಾಷಾ ಹೈ ಜೀ ಯೇ!" ಎಂದ ಪೇಶ್ಕಾರರು ಹಲಗೆಯನ್ನು ನೋಡಿದರು, ಬರಿಗಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಶೇಷಯ್ಯನವರನ್ನು ನೋಡಿದರು, ಅಂದಾಜಿನ ಮೇಲೆ ತಮಗೆ ಕೈ ಮುಗಿದು ನಿಂತಿದ್ದ ಚನ್ನಬಸಯ್ಯನವರನ್ನು ನೋಡಿದರು. ಏನನ್ನಿಸಿತೋ, ಗುಂಡಿ ಬಿಚ್ಚಿ ಮತ್ತೆ ಕೂತರು. "ಪಢೋ" ಎಂದರು. ಅವರಿಗೆ ಕನ್ನಡ ಓದಲು ಬಾರದು. ನಾನು ಓದಿ ದಖ್ಖಣಿಯಲ್ಲಿ ಹೇಳತೊಡಗಿದೆ. ಗೆದ್ದಲಿನ ಲೇಖನ ಬಂದಾಗ ಅವರು ಮುಂದಕ್ಕೆ ಬಾಗಿದರು. ಅವರ ಬೆನ್ನ ಹಿಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳು ಸೂರಿನವರೆಗೆ ಇದ್ದವು, ಅರ್ಧಕ್ಕರ್ಧ ಗೆದ್ದಲು ತಿಂದು ಮಣ್ಣಾಗಿದ್ದವು. "ಧೀರೇ ಬೋಲೊ", ನಿಧಾನ ಹೇಳು, ಎಂದು ನನ್ನನ್ನು ತಡೆದು, ಗುಮಾಸ್ತನನ್ನು ಕರೆದು, ಬೇವಿನ ಎಲೆಯಿಂದ ಹಿಡಿದು ಹೊಗೆಸೊಪ್ಪಿನವರೆಗೆ ಎಲ್ಲವನ್ನೂ ಉರ್ದುವಿನಲ್ಲಿ ಬರೆಸಿಕೊಂಡರು. ಬರೆದವರು ಯಾರೆಂದು ಕೇಳಿದರು. ಚನ್ನಬಸಯ್ಯನವರಿಗೆ ಕುರ್ಚಿ ಹಾಕಿಸಿದರು. ಅಷ್ಟು ವರ್ಷ ಆ ಕಚೇರಿಗೆ ಅಲೆದವರಿಗೆ ಅಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಮೊದಲ ಹಾಳೆಯ ಮೇಲೆ ರುಜು ಹಾಕಿ, ಮೊಹರು ಒತ್ತಿ, ಪತ್ರಿಕೆಯನ್ನು ಎರಡೂ ಕೈಯಿಂದ ಶೇಷಯ್ಯನವರಿಗೇ ಕೊಟ್ಟರು.

'ಕಪಾಟು' ಇನ್ನೂ ಕೆಲವು ಸಲ ಬಂತು. ಪ್ರತಿ ಸಲವೂ ಶೇಷಯ್ಯನವರು ಬೆನ್ನಿಗೆ ಹಲಗೆ ಕಟ್ಟಿಕೊಂಡು ಹೊಳೆ ದಾಟಿ ಬರುವರು. ಮೂವರೂ ಕೂಡಿ ಮನಸಾರೆ ಹರಟುತ್ತಿದ್ದೆವು, ಯಾವ ಇಜಾಜತ್ತೂ ಇಲ್ಲದೆ. ಆಮೇಲೆ ಮುಲ್ಕಿನಲ್ಲಿ ಗಲಾಟೆಯ ದಿನಗಳು ಬಂದವು, ಪತ್ರಿಕೆ ನಿಂತಿತು. ಚನ್ನಬಸಯ್ಯನವರ ಕಣ್ಣು ಪೂರ್ತಿ ಹೋಯಿತು, ಕೆಲವು ಕಾಲದ ಮೇಲೆ ಅವರೂ ಹೋದರು. ಶೇಷಯ್ಯನವರೂ ಹೋದರು. ನಾನು ಮದುವೆಯಾದದ್ದು ಇದೆಲ್ಲ ಆದ ಮೇಲೆ. ನೀಲಮ್ಮ ಇವರಿಬ್ಬರನ್ನೂ ನೋಡಿದವಳಲ್ಲ. ಈ ಕಥೆ ಹೇಳಿದಾಗಲೆಲ್ಲ, "ಹೊಳ್ಯಾಗ ಗ್ರಂಥಾಲಯ ತೇಲಿ ಬಂತಂತ, ಯಾರ ಕಿವ್ಯಾಗ ಹೂವ ಇಡ್ತೀರಿ?" ಎನ್ನುವಳು.

ಮೊನ್ನೆ ಗದ್ವಾಲಕ್ಕೆ ಹೋಗುವ ಪ್ರಸಂಗ ಬಂತು. ಈಗೇನು, ಜೂರಾಲದ ಮೇಲೆ ಬಸ್ಸು ಸೊಯ್ಯನೆ ದಾಟುತ್ತದೆ. ಆ ಗ್ರಂಥಾಲಯ ಅದೇ ಕೋಣೆಯಲ್ಲಿದೆ. ಸುಜಾತ ಎಂಬ ಹೆಣ್ಣುಮಗಳು ನೋಡಿಕೊಳ್ಳುತ್ತಾಳೆ. ಪತ್ರಿಕೆಯ ಹೆಸರು ಹೇಳಿದ್ದೇ ತಡ, ಗಾಜಿನ ಕಪಾಟಿನಿಂದ 'ಕಪಾಟು' ತೆಗೆದು ಮುಂದಿಟ್ಟಳು. ಸೀರೆಯ ಚೌಕಳಿಯ ಬಣ್ಣ ಮಾಸಿತ್ತು, ಚನ್ನಬಸಯ್ಯನವರ ಹೊಲಿಗೆ ಬಿಟ್ಟಿರಲಿಲ್ಲ. ಆತುರದಿಂದ ಮೂಸಿದೆ. ಬರೀ ನುಸಿಗುಳಿಗೆ.

ಪತ್ರಿಕೆಯನ್ನು ಮೆಲ್ಲಗೆ ಮುಚ್ಚಿದೆ. "ಒಂದು ದಿನದ ಮಟ್ಟಿಗೆ ಮಕ್ತಲಕ್ಕ ಒಯ್ಯಾಕ ಕೊಡ್ತೀಯೇನವ್ವಾ? ನಮ್ಮನಿಯಾಕಿಗೆ ತೋರಿಸಬೇಕು. ಆಕಿಗೆ ಮೊಣಕಾಲು ನೋವು, ಬಸ್ ಹತ್ತಾಕ ಆಗಂಗಿಲ್ಲ" ಎಂದೆ.

"ಹೊರಗ ಕೊಡಂಗಿಲ್ರಿ ತಾತಾ" ಎಂದಳು. ನಾನು ತಲೆಯಾಡಿಸಿ ಎದ್ದೆ. ತಿರುಗಿ ನೋಡಿದರೆ ಆಕೆ ಕುರ್ಚಿ ಹತ್ತಿ ಬಾಗಿಲ ಮೇಲಿನ ಹಲಗೆ ಬಿಚ್ಚುತ್ತಿದ್ದಾಳೆ. "ನಿಲ್ರಿ, ಮಕ್ತಲ ಬಸ್ಸಿಗೆ ಇನ್ನಾ ಟೈಮ್ ಐತಿ. ಶೇಷಯ್ಯತಾತ ಬೋರ್ಡಿನ ಹಿಂದ ಬರದಿಟ್ಟಾರ ನೋಡ್ರಿ, ಪುಸ್ತಕ ಹೋದ್ರ ಗ್ರಂಥಾಲಯನೂ ಸಂಗಾಟ ಹೋಗಬೇಕು ಅಂತ."

ಸಂಜೆಗೆ ಗದ್ವಾಲ ಗ್ರಂಥಾಲಯ ನಮ್ಮ ಮನೆಯ ಪಡಸಾಲೆಯಲ್ಲಿತ್ತು. ಸುಜಾತ ಹಲಗೆಯನ್ನು ಗೋಡೆಗೆ ಒರಗಿಸಿ, ಪತ್ರಿಕೆಯನ್ನು ನೀಲಮ್ಮನ ತೊಡೆಯ ಮೇಲಿಟ್ಟು, ಪಕ್ಕದಲ್ಲೇ ಕೂತಳು. ನೀಲಮ್ಮ ಹಲಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಡುವಿನ ಹಾಳೆ ತೆರೆದು, ಹೊಲಿಗೆಯ ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿದಳು.

"ಬರೀ ನುಸಿಗುಳಿಗಿ ವಾಸನಿ. ಎಲ್ಲಾ ಹೋಗೇತಿ" ಎಂದೆ ನಾನು.

"ನಿಮ್ಮ ಮೂಗಿಗೆ ವಯಸ್ಸಾಗೇತ್ರಿ" ಎಂದಳು ನೀಲಮ್ಮ, ಕಣ್ಣು ತೆರೆಯದೆಯೇ. "ಕುರಿ ವಾಸನಿ ಘಮ್ಮಂತ ಬರಾಕತ್ತೈತಿ."